ಮೇಷ್ಟ್ರ ಜನವರಿ ಹನ್ನೊಂದು

ಜನವರಿ ಹನ್ನೊಂದು ಬಂತೆಂದರೆ ಆ ಮನೆಯಲ್ಲಿ ಮೇಷ್ಟ್ರು ಒಂದು ಹುಲ್ಲುಕಡ್ಡಿಯನ್ನೂ ಎತ್ತಿಡುತ್ತಿರಲಿಲ್ಲ. ಉಳಿದ ದಿನ ಎತ್ತಿಡುತ್ತಿದ್ದರೇ ಎಂದು ಕೇಳಿದರೆ, ಎತ್ತಿಡುತ್ತಿದ್ದರು, ಆದರೆ ಗೊಣಗಿಕೊಂಡು. ಈ ಒಂದು ದಿನ ಮಾತ್ರ ಕಾಲ ಮೇಲೆ ಕಾಲು ಹಾಕಿ ಕೂರುವ ಹಕ್ಕು ಅವರದು. ಸ್ನಾನಕ್ಕೆ ಮೊದಲ ಬಿಸಿನೀರು ಅವರಿಗೆ. ಬಿಸಿಲು ಬೀಳುವ ಕಿಟಕಿಯ ಪಕ್ಕದ ಕುರ್ಚಿ ಅವರಿಗೆ. ಮಧ್ಯಾಹ್ನಕ್ಕೆ ಏನಡುಗೆ ಎಂಬ ತೀರ್ಪು ಕೂಡ ಅವರ ಬಾಯಿಂದಲೇ ಬರಬೇಕು. ಒಂಬತ್ತು ಗಂಟೆಗೆ ರೇಡಿಯೊದ ಹೆಣ್ಣುಮಗಳು, “ಈ ತಾರೀಕಿನಂದು ನಗರದಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ ಒಂದು ಪಾಯಿಂಟ್ ನಾಲ್ಕು ಡಿಗ್ರಿ” ಎನ್ನುತ್ತಲೇ ಮೇಷ್ಟ್ರು ಕೂತಲ್ಲಿಂದಲೇ ಕೈಯೆತ್ತಿ ತಲೆಬಾಗಿಸುವರು. ರೇಡಿಯೊದವರು ಅವರ ಹೆಸರು ಹೇಳಿದ್ದು ಒಂದು ಸಲವೂ ಇಲ್ಲ. ಆದರೂ ಮೇಷ್ಟ್ರು ಕೈಯೆತ್ತದೆ ಬಿಟ್ಟದ್ದೂ ಇಲ್ಲ.

ಯಾಕೆಂದರೆ ಆ ಒಂದು ಪಾಯಿಂಟ್ ನಾಲ್ಕು ಅವರದು. ಇಪ್ಪತ್ತಾರು ವರ್ಷದ ಹಿಂದೆ, ಅದೇ ತಾರೀಕಿನ ಬೆಳಿಗ್ಗೆ, ಹವಾಮಾನ ಕಚೇರಿಯ ಹುಲ್ಲಿನ ಮೇಲೆ ನಿಂತು ಅದನ್ನು ಕಣ್ಣಾರೆ ಓದಿದವರು ಅವರೇ.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಜೀವಮಾನವೆಲ್ಲ ಹವಾಮಾನ ಕಚೇರಿಯಲ್ಲಿ ಥರ್ಮಾಮೀಟರ್ ಓದಿದ ಮನುಷ್ಯ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಓದು ಕಲಿಸುತ್ತಿದ್ದುದರಿಂದ ಆ ಹೆಸರು ಅಂಟಿತು. ಹಾಗೆ ಕಲಿಯಲು ಬಂದವರಲ್ಲಿ ಒಬ್ಬಳಿಗೆ ಓದು ಕಲಿಸುತ್ತ ಕಲಿಸುತ್ತ ಅವಳನ್ನೇ ಮದುವೆಯೂ ಆದರು. ಅವಳನ್ನು ಕಚೇರಿಯವರು ಅಕ್ಕ ಎಂದು ಕರೆದರು. ಮೇಷ್ಟ್ರ ಹೆಂಡತಿ ಅಕ್ಕ ಹೇಗಾಗುತ್ತಾಳೆ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೇಷ್ಟ್ರು ನಿವೃತ್ತರಾಗಿ ಎರಡು ವರ್ಷವಾಯಿತು. ಅಕ್ಕ ಇನ್ನೂ ಕೆಲಸದಲ್ಲಿದ್ದಳು, ಈ ಚಳಿಗಾಲ ಮುಗಿಯುವವರೆಗೆ.

ಮೇಷ್ಟ್ರು ಅವಳಿಗೆ ಕಲಿಸಿದ ಮೊದಲ ಪಾಠ, ಪಾಯಿಂಟ್ ಮೊದಲು, ಡಿಗ್ರಿ ಆಮೇಲೆ. ಥರ್ಮಾಮೀಟರಿನ ಹತ್ತಿರ ಮನುಷ್ಯ ಹೋದನೆಂದರೆ ಅವನ ಉಸಿರು, ಮೈಶಾಖ ತಾಗಿ ಅದು ಕದಲುತ್ತದೆ. ಕದಲುವುದು ಮೊದಲು ಪಾಯಿಂಟು. ಆದ್ದರಿಂದ ಉಸಿರು ಬಿಗಿಹಿಡಿದು ಮೊದಲು ಪಾಯಿಂಟನ್ನು ಹಿಡಿಯಬೇಕು. “ಡಿಗ್ರಿ ಎಲ್ಲಿಗೂ ಓಡಿ ಹೋಗಲ್ಲ, ಅದು ಮನೆ ಯಜಮಾನ ಇದ್ದ ಹಾಗೆ, ಕೂತಲ್ಲೇ ಕೂತಿರುತ್ತೆ” ಎಂದು ಮೇಷ್ಟ್ರು ಹೇಳಿದ್ದರು. ಆವತ್ತಿನಿಂದ ಅಕ್ಕನ ನಾಲಗೆ ಹಾಗೇ ತಿರುಗಿಬಿಟ್ಟಿತು. ಮಗಳು ಚಿಕ್ಕವಳಿದ್ದಾಗ ಜ್ವರ ಬಂದು ಡಾಕ್ಟರ ಹತ್ತಿರ ಹೋದರೆ, “ನಾಲ್ಕು, ನೂರಾ ಎರಡು” ಎನ್ನುವಳು. ಡಾಕ್ಟರು ಪೆನ್ನು ಕೆಳಗಿಟ್ಟು, “ನಾಲ್ಕು ಮಕ್ಕಳಿಗಾ?” ಎಂದು ಕೇಳಿದ್ದರು.

ಕಚೇರಿಯ ಮುಂದಿನ ಕೋಣೆಯ ಗೋಡೆಗೆ ಒಂದು ದೊಡ್ಡ ಹಲಗೆ ಇತ್ತು. ವರ್ಷದ ಪ್ರತಿ ತಾರೀಕಿಗೂ ಅದರಲ್ಲಿ ಒಂದು ಸಾಲು. ಆ ತಾರೀಕಿನ ಅತಿ ಹೆಚ್ಚು ಬಿಸಿ, ಅತಿ ಹೆಚ್ಚು ಚಳಿ, ಯಾವ ವರ್ಷ, ಓದಿದವರು ಯಾರು. ನಗರದವರಿಗೆ ಮೊದಲಿನ ಮೂರು ಸಾಕು. ಕಚೇರಿಯವರು ನೋಡುತ್ತಿದ್ದುದು ನಾಲ್ಕನೆಯದನ್ನು. ಯಾರೋ ಎಂದೋ ಸತ್ತುಹೋದವರ ಹೆಸರು ಅಲ್ಲಿತ್ತು. ಮೂರೇ ತಿಂಗಳು ಕೆಲಸ ಮಾಡಿ ಬಿಟ್ಟುಹೋದ ಒಬ್ಬ ಸೋಮಾರಿಯ ಹೆಸರು ಎರಡು ಕಡೆ ಇತ್ತು. ಅಕ್ಕನ ಹೆಸರು ಮಾತ್ರ ಮೂವತ್ತೊಂದು ವರ್ಷದಲ್ಲಿ ಒಂದು ಕಡೆಯೂ ಇರಲಿಲ್ಲ. ಅವಳು ರಜೆ ಹಾಕಿದ ದಿನ ನಗರ ನಡುಗುತ್ತಿತ್ತು, ಅವಳು ಕೆಲಸಕ್ಕೆ ಬಂದ ದಿನ ಬೆಚ್ಚಗಾಗುತ್ತಿತ್ತು. ಮೇಷ್ಟ್ರ ದಾಖಲೆಯ ದಿನವೂ ಸರದಿ ಅವಳದೇ ಆಗಿತ್ತಂತೆ. ಮಗಳಿಗೆ ಜ್ವರ ಬಂತೆಂದು ಅವಳು ಮನೆಯಲ್ಲಿ ಉಳಿದಳು, ಮೇಷ್ಟ್ರು ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅಕ್ಕನ ತುತ್ತು ನೇರವಾಗಿ ಗಂಡನ ಬಾಯಿಗೇ ಹೋಯಿತು.

ಅದಕ್ಕೆ ಅವಳಿಗೆ ಹೊಟ್ಟೆಕಿಚ್ಚು ಇರಲಿಲ್ಲವೇ? ಇತ್ತು. ಸ್ವಲ್ಪ ಇತ್ತು. ಆದರೆ ಜನವರಿ ಹನ್ನೊಂದರಂದು ಕುರ್ಚಿಯಲ್ಲಿ ಕೂತ ಗಂಡನ ಮುಖ ನೋಡಿದರೆ ಅದು ಕರಗಿಹೋಗುತ್ತಿತ್ತು. ಅದರಲ್ಲೂ ನಿವೃತ್ತರಾದ ಮೇಲೆ ಮೇಷ್ಟ್ರು ಒಂದು ಬಗೆಯಲ್ಲಿ ಕುಗ್ಗಿಹೋಗಿದ್ದರು. ಬೆಳಿಗ್ಗೆ ಎದ್ದು ಶೂ ಹಾಕಿಕೊಂಡು, ಹೋಗಲು ಎಲ್ಲಿಯೂ ಇಲ್ಲವೆಂದು ನೆನಪಾಗಿ ಮತ್ತೆ ಬಿಚ್ಚುತ್ತಿದ್ದರು. ವರ್ಷದಲ್ಲಿ ಆ ಒಂದು ದಿನ ಮಾತ್ರ ಹಳೆಯ ಮೇಷ್ಟ್ರು ಎದ್ದು ಬರುತ್ತಿದ್ದರು, ದನಿ ಎತ್ತರಿಸಿ, ಮೀಸೆ ತಿರುವಿ.

ಈ ವರ್ಷ ಜನವರಿ ಏಳರಿಂದಲೇ ಚಳಿ ಶುರುವಾಯಿತು. ಅಂಥಿಂಥ ಚಳಿಯಲ್ಲ. ನಲ್ಲಿಯ ಕೆಳಗೆ ಕೈಯಿಟ್ಟರೆ ಕೈ ಇದೆಯೋ ಇಲ್ಲವೋ ಎಂದು ತಿರುಗಿ ನೋಡಿಕೊಳ್ಳಬೇಕು. ರೇಡಿಯೊದ ಹೆಣ್ಣುಮಗಳು ಮೂಗು ಕಟ್ಟಿದ ದನಿಯಲ್ಲಿ, ಹನ್ನೊಂದರ ಬೆಳಿಗ್ಗೆ ಹಳೆಯ ದಾಖಲೆ ಮುರಿದರೂ ಮುರಿಯಬಹುದು ಎಂದಳು.

“ಇದೆಂಥಾ ಚಳಿ” ಎಂದರು ಮೇಷ್ಟ್ರು, ಎರಡು ಸ್ವೆಟರಿನೊಳಗಿನಿಂದ. “ಆವತ್ತಿನ ಚಳಿ ನೀನು ನೋಡ್ಬೇಕಿತ್ತು.”

“ಮೂಗಿನ ತುದಿ ಕೆಂಪಗಾಗಿದೆ ನಿಮ್ಮದು” ಎಂದಳು ಅಕ್ಕ.

“ಅದು ವಯಸ್ಸಿಗೆ.”

ತಾರೀಕು ಒಂಬತ್ತು ಕಳೆಯಿತು, ಹತ್ತು ಬಂತು. ಹತ್ತರ ಸಂಜೆ ಮೇಷ್ಟ್ರು ಮೂರು ಸಲ ತಾರಸಿಗೆ ಹೋಗಿ ಬಂದರು. ಬಟ್ಟೆ ತರಲು ಎಂದರು, ಹಗ್ಗದ ಮೇಲೆ ಬಟ್ಟೆಯೇ ಇರಲಿಲ್ಲ. ಅವರು ಮೋಡ ಹುಡುಕುತ್ತಿದ್ದಾರೆಂದು ಅಕ್ಕನಿಗೆ ಗೊತ್ತು. ಮೋಡವಿದ್ದರೆ ನೆಲದ ಶಾಖ ಮೇಲೆ ಹೋಗುವುದಿಲ್ಲ, ಚಳಿ ಅಷ್ಟಕ್ಕೇ ನಿಲ್ಲುತ್ತದೆ. ಆಕಾಶ ಮಾತ್ರ ತೊಳೆದಿಟ್ಟ ತಟ್ಟೆಯಂತಿತ್ತು.

“ದಾಖಲೆ ಅನ್ನೋದು ಇರೋದೇ ಮುರಿಯೋಕೆ” ಎಂದರು ಕೆಳಗಿಳಿದು ಬಂದು, ಯಾರೂ ಕೇಳದಿದ್ದರೂ. “ನಾಳೆ ಓದು ನಿನ್ನದು ತಾನೇ?”

“ಹೌದು, ನಂದೇ.”

“ಒಳ್ಳೇದಾಯ್ತು” ಎಂದು ಊಟಕ್ಕೆ ಕೂತರು. ಬಡಿಸಿದ್ದರಲ್ಲಿ ಅರ್ಧ ಹಾಗೇ ಉಳಿಸಿ ಎದ್ದರು.

ಅಕ್ಕನ ಪಾಡು ಕೇಳುವುದು ಬೇಡ. ಅತ್ತ ದರಿ, ಇತ್ತ ಪುಲಿ. ಬರುವ ವರ್ಷದಿಂದ ಕಚೇರಿಯಲ್ಲಿ ಯಂತ್ರವೇ ಎಲ್ಲ ಓದಿ ಬರೆದುಕೊಳ್ಳುತ್ತದಂತೆ. ಹಲಗೆಯ ಮೇಲೆ ಹೆಸರು ಬರಬೇಕಾದರೆ ಈಗಲೇ ಬರಬೇಕು, ಈ ಚಳಿಯಲ್ಲೇ ಬರಬೇಕು. ಆದರೆ ವರ್ಷಕ್ಕೆ ಮುನ್ನೂರ ಅರವತ್ತೈದು ದಿನ ಇರುವಾಗ, ಆ ದರಿದ್ರ ಚಳಿಗೆ ಗಂಡನ ದಿನವೇ ಬೇಕಾಗಿತ್ತೇ? ಹನ್ನೆರಡಕ್ಕೆ ಬಂದಿದ್ದರೆ ಏನು ಗಂಟು ಹೋಗುತ್ತಿತ್ತು?

ಬೆಳಿಗ್ಗೆ ಅವಳು ಹೊರಡುವಾಗ ಮೇಷ್ಟ್ರು ಮುಸುಕು ಹಾಕಿಕೊಂಡು ಮಲಗಿದ್ದರು. ನಿದ್ದೆ ಮಾಡುವವರು ಅಷ್ಟು ಅಚ್ಚುಕಟ್ಟಾಗಿ ಉಸಿರಾಡುವುದಿಲ್ಲ. ಅಕ್ಕ ಬಾಗಿಲು ಎಳೆದುಕೊಂಡಳು.

ಕಚೇರಿಯ ಹಿಂದೆ ಮೊಣಕಾಲೆತ್ತರದ ಬೇಲಿ ಹಾಕಿದ ಹುಲ್ಲಿನ ಅಂಗಳ. ಅದರ ನಡುವೆ ನಾಲ್ಕು ಕಾಲಿನ ಮೇಲೆ ನಿಂತ ಬಿಳಿಯ ಮರದ ಪೆಟ್ಟಿಗೆ, ಸುತ್ತಲೂ ಗಾಳಿಯಾಡಲು ಓರೆ ಪಟ್ಟಿಗಳು. ಅದರೊಳಗೆ ರಾತ್ರಿಯ ಚಳಿಯನ್ನು ಹಿಡಿದಿಡುವ ಥರ್ಮಾಮೀಟರ್ ಅಡ್ಡಡ್ಡ ಮಲಗಿರುತ್ತದೆ. ಅದರ ನಳಿಗೆಯಲ್ಲಿ ಸ್ಪಿರಿಟ್ಟು, ಸ್ಪಿರಿಟ್ಟಿನೊಳಗೆ ಗುಂಡುಸೂಜಿಗಿಂತ ಸಣ್ಣ ಕಡ್ಡಿ. ಚಳಿ ಏರುತ್ತ ಹೋದಂತೆ ಸ್ಪಿರಿಟ್ಟು ಕಡ್ಡಿಯನ್ನು ಎಳೆದುಕೊಂಡು ಹೋಗುತ್ತದೆ. ಬಿಸಿಲೇರಿ ಸ್ಪಿರಿಟ್ಟು ವಾಪಸು ಬಂದರೂ ಕಡ್ಡಿ ಅಲ್ಲೇ ನಿಂತಿರುತ್ತದೆ, ರಾತ್ರಿ ಇಲ್ಲಿಯವರೆಗೆ ಬಂದಿತ್ತು ಎಂದು ಸಾಕ್ಷಿ ಹೇಳಲು. ಓದಿ ಆದ ಮೇಲೆ ಥರ್ಮಾಮೀಟರನ್ನು ಓರೆ ಮಾಡಬೇಕು. ಕಡ್ಡಿ ಜಾರಿ ತನ್ನ ಜಾಗಕ್ಕೆ ಬರುತ್ತದೆ. ಓರೆ ಮಾಡಿದ ಮೇಲೆ ಆ ರಾತ್ರಿ ಎಷ್ಟು ಚಳಿಯಿತ್ತೆಂದು ದೇವರೇ ಬಂದು ಕೇಳಿದರೂ ಹೇಳಲಾಗದು. ಅದಕ್ಕೇ ಕಚೇರಿಯಲ್ಲೊಂದು ಕಟ್ಟಳೆ. ದಾಖಲೆ ಮುರಿಯಿತೆಂದು ಕಂಡರೆ, ಓದಲು ಬಲ್ಲ ಇನ್ನೊಬ್ಬರು ನೋಡುವವರೆಗೆ ಕಡ್ಡಿಯನ್ನು ಅಲುಗಿಸುವಂತಿಲ್ಲ. ದಾಖಲೆ ಇಲ್ಲದ ದಿನ ಒಬ್ಬರೇ ಓದಿ ಓರೆ ಮಾಡಿ ಹೋಗಬಹುದು.

ಆವತ್ತು ಜೊತೆಗಿರಬೇಕಾದವನ ಸ್ಕೂಟರ್ ಚಳಿಗೆ ಸ್ಟಾರ್ಟ್ ಆಗದೆ, ತಳ್ಳಿಕೊಂಡು ಬರುತ್ತಿದ್ದೇನೆಂದು ಫೋನ್ ಮಾಡಿದ್ದ. ಅಕ್ಕ ಒಬ್ಬಳೇ ಹುಲ್ಲಿನ ಮೇಲೆ ನಡೆದಳು. ಹುಲ್ಲು ಕಾಲಡಿಯಲ್ಲಿ ಗರಗರ ಎಂದಿತು. ಪೆಟ್ಟಿಗೆಯ ಬಾಗಿಲು ತೆಗೆದು, ಉಸಿರಿಗೆ ಕಡ್ಡಿ ಕದಲದಿದ್ದರೂ ಅಭ್ಯಾಸಕ್ಕೆ ಉಸಿರು ಬಿಗಿಹಿಡಿದು, ಬಾಗಿ ನೋಡಿದಳು.

ಒಂಬತ್ತು. ಸೊನ್ನೆ.

ಸೊನ್ನೆ ಪಾಯಿಂಟ್ ಒಂಬತ್ತು. ಮತ್ತೊಮ್ಮೆ ನೋಡಿದಳು. ಕಡ್ಡಿ ಅಲ್ಲೇ ನಿಂತಿತ್ತು. ಮೂವತ್ತೊಂದು ವರ್ಷ ಕಾದದ್ದು ಇಷ್ಟುದ್ದದ ಕಡ್ಡಿಯ ತುದಿಯಲ್ಲಿ ಬಂದು ಕೂತಿತ್ತು. ಖುಷಿಗೆ ಅವಳು ಆ ಹುಲ್ಲಿನ ಮೇಲೆ ಒಂದು ಸುತ್ತು ಕುಣಿದಿದ್ದರೂ ಕುಣಿಯುತ್ತಿದ್ದಳು, ಅಷ್ಟರಲ್ಲಿ ಒಂಬತ್ತು ಗಂಟೆಯ ರೇಡಿಯೊ ನೆನಪಾಯಿತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ ಗಂಡ, ಅರ್ಧಕ್ಕೆ ಎತ್ತಿದ ಕೈಯನ್ನು ಮೆಲ್ಲಗೆ ತೊಡೆಯ ಮೇಲೆ ಇಳಿಸಿಕೊಳ್ಳುವುದು ಕಣ್ಣಿಗೆ ಕಟ್ಟಿತು.

ಕುಣಿಯುವ ಕಾಲು ಅಲ್ಲೇ ನಿಂತಿತು. ನನ್ನ ಹೆಸರು ಇಷ್ಟು ವರ್ಷ ಇರಲಿಲ್ಲ, ಇನ್ನು ಮುಂದೆಯೂ ಇಲ್ಲದಿದ್ದರೆ ಯಾರ ಮನೆ ಮುಳುಗುತ್ತದೆ, ಎಂದುಕೊಂಡಳು. ಕೈ ತಾನಾಗಿ ಥರ್ಮಾಮೀಟರಿನ ಕಡೆ ಹೋಯಿತು.

“ಇದನ್ನ ಮರೆತು ಬಂದ್ಬಿಟ್ಟಿದ್ದೀಯ.”

ಬೇಲಿಯಾಚೆ ಮೇಷ್ಟ್ರು ನಿಂತಿದ್ದರು, ಕೈಯಲ್ಲಿ ಮಫ್ಲರ್ ಹಿಡಿದು. ಅಕ್ಕನ ಕುತ್ತಿಗೆಗೆ ಆಗಲೇ ಒಂದು ಮಫ್ಲರ್ ಸುತ್ತಿತ್ತು. ಮೇಷ್ಟ್ರು ತಂದದ್ದು ಅವರದೇ. ಅದನ್ನು ಇಬ್ಬರೂ ನೋಡಿದರು.

“ಎಷ್ಟು?” ಎಂದರು ಮೇಷ್ಟ್ರು, ಬೇಲಿಯ ಮೇಲಿನ ತಂತಿಯನ್ನು ನೋಡುತ್ತ. ತರಕಾರಿಯ ಬೆಲೆ ಕೇಳಿದ ಹಾಗಿತ್ತು ಆ ದನಿ.

“ಒಂದು ಪಾಯಿಂಟ್ ಏಳು” ಎಂದಳು ಅಕ್ಕ.

ಮೇಷ್ಟ್ರ ಮುಖ ಅರಳಿತು. ಹಣೆಯ ಗೆರೆಗಳೆಲ್ಲ ಒಂದೇ ಸಲ ಸಡಿಲಾದವು, ಎರಡು ವರ್ಷದಿಂದ ಬಾಗಿದ್ದ ಬೆನ್ನು ನೆಟ್ಟಗಾಯಿತು. ಇದಕ್ಕಾಗಿ ಇನ್ನೂ ನಾಲ್ಕು ಸುಳ್ಳು ಹೇಳಬಹುದು ಎನ್ನಿಸಿತು ಅಕ್ಕನಿಗೆ. ಅವಳು ಪೆಟ್ಟಿಗೆಯ ಕಡೆ ತಿರುಗಿ ಥರ್ಮಾಮೀಟರನ್ನು ಹಿಡಿದಳು.

“ಇವಳೇ” ಎಂದರು ಮೇಷ್ಟ್ರು. “ಏನಂದೆ ಈಗ?”

“ಒಂದು ಪಾಯಿಂಟ್ ಏಳು ಅಂದೆ ರೀ. ನಿಮ್ಮ ದಿನ ನಿಮಗೇ ಉಳೀತು. ಹೋಗಿ, ಮನೆಗೆ ಹೋಗಿ ಕುರ್ಚಿ ಮೇಲೆ ಕೂತ್ಕೊಳ್ಳಿ.”

“ಕೈ ತೆಗಿ ಅದರ ಮೇಲಿಂದ.”

ಮೇಷ್ಟ್ರು ಬೇಲಿಯ ಗೇಟು ಎಲ್ಲಿದೆಯೆಂದು ಹುಡುಕಲಿಲ್ಲ. ಕಾಲೆತ್ತಿ ದಾಟಿಯೇ ಬಂದರು. ಪ್ಯಾಂಟಿನ ತುದಿ ತಂತಿಗೆ ಸಿಕ್ಕಿ ಪರ್ರೆಂದಿತು.

“ಒಂದು ಪಾಯಿಂಟ್ ಏಳು” ಎಂದರು ಹತ್ತಿರ ನಿಂತು. “ಡಿಗ್ರಿ ಮೊದಲು ಹೇಳ್ದೆ ನೀನು. ಮಗಳಿಗೆ ಜ್ವರ ಬಂದು ನೀನು ಅಳ್ತಾ ಇದ್ದಾಗಲೂ ಪಾಯಿಂಟೇ ಮೊದಲು ಹೇಳಿದವಳು. ಕಣ್ಣಲ್ಲಿ ನೋಡಿದ್ದಾದ್ರೆ ನಿನ್ನ ಬಾಯಲ್ಲಿ ಹಾಗೆ ಬರಲ್ಲ. ಇದು ಎಲ್ಲೋ ಕೂತು ಲೆಕ್ಕ ಹಾಕಿದ ನಂಬರು.”

ಅಕ್ಕ ಥರ್ಮಾಮೀಟರಿನಿಂದ ಕೈ ತೆಗೆಯಲಿಲ್ಲ. ಒಂದಿಷ್ಟು ಓರೆ ಮಾಡಿದ್ದರೆ ಮುಗಿಯುತ್ತಿತ್ತು. ಕಡ್ಡಿ ಜಾರುತ್ತಿತ್ತು, ಮಾತು ಅಲ್ಲಿಗೆ ನಿಲ್ಲುತ್ತಿತ್ತು.

“ನೀವು ನೋಡ್ಬೇಡಿ” ಎಂದಳು. “ನನಗೆ ಬೇಡ ಅಂತ ನಾನೇ ಅಂದ್ಕೊಂಡಾಯ್ತು. ರಿಟೈರ್ ಆದ್ಮೇಲೆ ನಿಮ್ಮ ಮುಖ ಅರಳೋದು ವರ್ಷಕ್ಕೆ ಇದೊಂದು ದಿನ. ಅದನ್ನ ಬೇರೆ ಯಾರಾದ್ರೂ ಕಿತ್ಕೊಂಡಿದ್ರೆ ಬೈದು ಸುಮ್ಮನಾಗ್ತಿದ್ದೆ. ನಾನೇ ಕಿತ್ಕೊಳ್ಳಲಾ?”

ಮೇಷ್ಟ್ರ ಬಾಯಿಂದ ಬಂದ ಉಸಿರು ಬಿಳಿಯಾಗಿ ಹೋಗಿ ಕರಗುತ್ತಿತ್ತು. ಅಭ್ಯಾಸಬಲದಿಂದ ಅವರು ಮುಖವನ್ನು ಪೆಟ್ಟಿಗೆಯಿಂದ ಆಚೆ ತಿರುಗಿಸಿಕೊಂಡರು.

“ನೀನು ಒಂದು ಏಳು ಅಂತ ಬರೆದ್ರೆ, ನನ್ನ ಒಂದು ನಾಲ್ಕರ ಗತಿ ಏನು ಹೇಳು” ಎಂದರು. “ಮುಂದಿನ ವರ್ಷ ರೇಡಿಯೊದಲ್ಲಿ ಹೇಳ್ತಾರೆ, ನಾನು ಕೈ ಎತ್ತುತೀನಿ. ನೀನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಿರ್ತೀಯ, ಅಯ್ಯೋ ಪಾಪ ಅಂತ. ನನಗೆ ಗೊತ್ತಿಲ್ದೇ ಇರಬಹುದು, ಆದ್ರೆ ನಾನು ಪಾಪದವನಾಗಿರ್ತೀನಿ. ಅದಕ್ಕಿಂತ ಸೋಲೋದು ವಾಸಿ. ಸೋತವನಿಗೆ ಮರ್ಯಾದೆ ಇರುತ್ತೆ ಕಣೇ.”

ಅಕ್ಕ ಕೈ ತೆಗೆದಳು.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಮಫ್ಲರನ್ನು ಬಾಯಿಗೆ ಅಡ್ಡ ಹಿಡಿದು, ಉಸಿರು ಕಟ್ಟಿ, ಕಣ್ಣನ್ನು ಕಡ್ಡಿಯ ಮಟ್ಟಕ್ಕೆ ತಂದು ಬಾಗಿದರು. ಎರಡು ವರ್ಷ ಬಿಟ್ಟ ಕೆಲಸ, ಆದರೆ ಮೈಗೆ ಮರೆತುಹೋಗಿರಲಿಲ್ಲ. ಅಕ್ಕ ಅವರ ಕಿವಿಯ ಹಿಂದಿನ ಬಿಳಿ ಕೂದಲನ್ನೇ ನೋಡುತ್ತ ನಿಂತಳು.

“ಒಂಬತ್ತು” ಎಂದರು ಮೇಷ್ಟ್ರು.

ಎಷ್ಟೋ ಹೊತ್ತಾದ ಮೇಲೆ ಎಂಬಂತೆ, “ಸೊನ್ನೆ” ಎಂದರು.

ನೆಟ್ಟಗೆ ನಿಂತು ಹೆಂಡತಿಯ ಕಡೆ ತಿರುಗಿದಾಗ ಅವರ ಕಣ್ಣು ಒದ್ದೆಯಾಗಿತ್ತು. ಆದರೆ ಮೀಸೆಯ ಕೆಳಗೆ ನಗು ತಡೆಯಲಾರದೆ ಒದ್ದಾಡುತ್ತಿತ್ತು.

“ಅರ್ಧ ಡಿಗ್ರಿ” ಎಂದರು. “ಒಂದು ಪಾಯಿಂಟು, ಎರಡು ಪಾಯಿಂಟಲ್ಲಿ ಸೋತಿದ್ರೆ ನಿನ್ನ ಜೊತೆ ಸಾಯೋವರೆಗೂ ಜಗಳ ಆಡ್ತಿದ್ದೆ. ಪೂರ್ತಿ ಅರ್ಧ ಡಿಗ್ರಿ. ನನಗೆ ಮಾತಾಡೋಕೂ ಜಾಗ ಬಿಡಲಿಲ್ಲವಲ್ಲೇ ನೀನು.”

ಅಕ್ಕನಿಗೆ ಅಳು ಬಂತು. ಇಷ್ಟು ವರ್ಷ ಯಾರ ಹತ್ತಿರವೂ ಹೇಳದ ಮಾತು ಅಳುವಿನ ಜೊತೆಯಲ್ಲೇ ಹೊರಬಿತ್ತು. “ನನಗೆ ಇದು ಬೇಕಾಗಿತ್ತು ರೀ. ತುಂಬಾ ಬೇಕಾಗಿತ್ತು.”

“ನನಗೆ ಗೊತ್ತಿಲ್ವಾ? ದಿನಾ ಬೆಳಿಗ್ಗೆ ಆ ಹಲಗೆ ಒರೆಸ್ತಿದ್ದವಳು ನೀನು. ಧೂಳು ಇಲ್ಲದ ದಿನವೂ ಒರೆಸ್ತಿದ್ದೆ” ಎಂದು ಮೇಷ್ಟ್ರು ತಾವು ತಂದ ಮಫ್ಲರನ್ನು ಅವಳ ಮಫ್ಲರಿನ ಮೇಲೆಯೇ ಸುತ್ತಿದರು. ಮೂಗು ಮತ್ತು ಕಣ್ಣು ಬಿಟ್ಟರೆ ಅಕ್ಕನಲ್ಲಿ ಬೇರೇನೂ ಕಾಣದಂತಾಯಿತು.

ಒಳಗೆ ಹೋಗಿ ಅವಳು ನಂಬರು ಬರೆದಳು. ಇನ್ನೊಬ್ಬ ಓದುಗರು ಎಂಬಲ್ಲಿ ಮೇಷ್ಟ್ರು ಸಹಿ ಹಾಕಿದರು, ಮದುವೆಯ ದಿನ ಹಾಕಿದ್ದಕ್ಕಿಂತ ದೊಡ್ಡದಾಗಿ. ಸ್ಕೂಟರ್ ತಳ್ಳಿಕೊಂಡು ಬೆವರಿಳಿಸುತ್ತ ಬಂದವನಿಗೆ ವಿಷಯ ತಿಳಿದು, ಮೇಷ್ಟ್ರ ಮುಖ ನೋಡುವುದೋ ಅಕ್ಕನ ಮುಖ ನೋಡುವುದೋ ತಿಳಿಯದೆ ಗೋಡೆ ನೋಡಿದ. ಅಷ್ಟರಲ್ಲಿ ಕಚೇರಿಗೆ ಮಗಳ ಫೋನ್ ಬಂತು. ಎತ್ತಿದವರು ಮೇಷ್ಟ್ರು.

“ಅಪ್ಪಾ, ನೀವ್ಯಾಕೆ ಅಲ್ಲಿ? ಏನಾಯ್ತು ನಿಮ್ಮ ದಾಖಲೆ, ಉಳೀತಾ?”

“ಹೋಯ್ತು ಮಗಳೇ.”

ಸಮಾಧಾನದ ಮಾತನ್ನು ಎಲ್ಲಿಂದ ಶುರುಮಾಡುವುದೆಂದು ಮಗಳು ಯೋಚಿಸುತ್ತಿದ್ದಳೆಂದು ಕಾಣುತ್ತದೆ. ಮೇಷ್ಟ್ರು ಅವಳಿಗೆ ಅವಕಾಶವನ್ನೇ ಕೊಡಲಿಲ್ಲ.

“ಸುಮ್ನೆ ಹೋಗ್ಲಿಲ್ಲ, ನಿಮ್ಮಮ್ಮ ಹೊಡೆದುಹಾಕಿದ್ಲು. ಸೊನ್ನೆ ಪಾಯಿಂಟ್ ಒಂಬತ್ತು. ನಾನೇ ನೋಡ್ದೆ, ನನ್ನ ಕಣ್ಣಲ್ಲಿ. ನಿನ್ನ ಗಂಡನಿಗೂ ಹೇಳು. ಇಲ್ಲ, ನೀನು ಹೇಳ್ಬೇಡ, ಅವನಿಗೆ ಫೋನ್ ಕೊಡು, ನಾನೇ ಹೇಳ್ತೀನಿ.”

ಅಳಿಯನಿಗೆ ಹೇಳಿ ಮುಗಿಸಿ ಮೇಷ್ಟ್ರು ಮನೆಗೆ ಹೊರಟರು. ಅಕ್ಕನ ಕೆಲಸ ಇನ್ನೂ ಬಾಕಿಯಿತ್ತು. ಅವಳು ಕಿಟಕಿಯಿಂದ ನೋಡಿದಳು. ಪ್ಯಾಂಟಿನ ಹರಿದ ತುದಿ ಗಾಳಿಗೆ ಹಾರುತ್ತಿತ್ತು. ಬೆನ್ನು ಮತ್ತೆ ಬಾಗುತ್ತದೆಯೇನೋ ಎಂದು ಅವಳಿಗೆ ಭಯ. ಬಾಗಲಿಲ್ಲ. ಮೇಷ್ಟ್ರು ಗೇಟಿನ ಹತ್ತಿರ ಬೆಂಕಿಗೆ ಮೈ ಕಾಯಿಸುತ್ತ ಕೂತಿದ್ದ ಕಾವಲುಗಾರನ ಮುಂದೆ ನಿಂತರು. ಅವನು ಎದ್ದು ನಮಸ್ಕಾರ ಮಾಡಿ, ವಿಪರೀತ ಚಳಿ ಎಂದಿರಬೇಕು. ಯಾರಾದರೂ ಚಳಿ ಎನ್ನುವುದನ್ನೇ ಕಾಯುತ್ತಿದ್ದವರ ಹಾಗೆ ಮೇಷ್ಟ್ರು ಬೆಂಕಿಯ ಪಕ್ಕ ಕುಕ್ಕರುಗಾಲಲ್ಲಿ ಕೂತೇಬಿಟ್ಟರು.

ಅವರ ದನಿ ಮುಚ್ಚಿದ ಕಿಟಕಿಯನ್ನೂ ದಾಟಿ ಅಕ್ಕನ ಮೇಜಿನವರೆಗೆ ಬಂತು.

“ಈ ಚಳಿ ಯಾರದು ಗೊತ್ತೇನಪ್ಪಾ? ನಮ್ಮ ಮನೆಯವಳದು.”